ಮಣ್ಣುಗುಂಡಿಯ ತಿರುವು

ನಾನು ಪಾರ್ಲಿಮೆಂಟ್ ಎಲೆಕ್ಷನ್ನಿಗೆ ನಿಂತಿದ್ದೆ. ಹೇಳಿದರೆ ಜನ ನಗುತ್ತಾರೆ. ವೋಟಿನ ಮಿಷನ್ನಿನ ಮೇಲೆ ನನ್ನ ಹೆಸರಿತ್ತು, ಫೋಟೋ ಇತ್ತು, ಒತ್ತುವುದಕ್ಕೆ ಬಟನ್ ಇತ್ತು. ಗುರುತು ಎ.ಸಿ. ಪೆಟ್ಟಿಗೆ. ಪಕ್ಕದ ಮನೆಯ ಶಿವನಂಜಮ್ಮ ಆ ಚಿತ್ರ ನೋಡಿ, ಇದ್ಯಾವ ಪೆಟ್ಟಿಗೆ, ಇದರೊಳಗೆ ಏನಿಡುತ್ತಾರೆ ಅಂತ ಕೇಳಿದ್ದಳು. ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಅದಿಲ್ಲ. ನನಗೂ ಅದರ ಬಗ್ಗೆ ಹೆಚ್ಚು ಗೊತ್ತಿರಲಿಲ್ಲ.

ನನ್ನ ಹೆಸರು ವನಿತಾ. ಇಟ್ಟಿಗೆ ಗೂಡಿನಲ್ಲಿ ಕೂಲಿ. ನಮ್ಮೂರು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ, ಹೊಳೆಯ ಕಡೆಗಿದೆ. ಹೊಳೆದಂಡೆಯ ಮಣ್ಣು ಇಟ್ಟಿಗೆಗೆ ಒಳ್ಳೆಯದು. ಬೆಳಕು ಹರಿಯುವ ಮುಂಚೆ ಹೋಗಿ ಮಣ್ಣು ತುಳಿಯಬೇಕು. ತುಳಿದ ಮಣ್ಣನ್ನು ಉಂಡೆ ಕಟ್ಟಿ ಅಚ್ಚಿಗೆ ಹೊಡೆಯಬೇಕು. ಮೇಲೆ ಉಳಿದದ್ದನ್ನು ಅಂಗೈಯಲ್ಲಿ ಬಳಿದು ತೆಗೆಯಬೇಕು. ಕುಕ್ಕರುಗಾಲಲ್ಲಿ ಕೂತು, ಅಚ್ಚು ಕವುಚಿ, ಹಿಂದಕ್ಕೆ ಸರಿದು, ಮತ್ತೆ ಕವುಚಬೇಕು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಸೊಂಟ ನನ್ನದಲ್ಲ ಅನ್ನಿಸುತ್ತದೆ. ಮರಳು ಉಜ್ಜಿ ಉಜ್ಜಿ ಬೆರಳುಗಳ ಗೆರೆ ಹೋಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮಿಷನ್ ಒಪ್ಪುವುದಿಲ್ಲ. ಎಣ್ಣೆ ಹಚ್ಚಿಕೊಂಡು ಬಾ, ಇಲ್ಲಾ ನಾಳೆ ಬಾ ಅನ್ನುತ್ತಾರೆ. ಬೆಂಕಿಕಡ್ಡಿ ತಾಗಿದರೂ ಬೆರಳಿಗೆ ತಿಳಿಯುವುದಿಲ್ಲ. ಮೊದಲು ಬೆರಳು ಮಾತ್ರ ಮರಗಟ್ಟಿದ್ದವು. ಬರಬರುತ್ತಾ ನಾನೇ ಹಾಗಾದೆ.

ಗೂಡಿನ ಯಜಮಾನ ಮಹಾದೇವಸ್ವಾಮಿ. ಬಾಳೆ ತೋಟ ಅವನದು, ಗೂಡು ಅವನದು, ಊರಲ್ಲಿ ಪಾರ್ಟಿಯ ಮಾತೂ ಅವನದೇ. ಎದುರಿಗೆ ನಾವೆಲ್ಲ ಬುದ್ಧಿ ಅನ್ನುತ್ತಿದ್ದೆವು. ಬರೆಯುವಾಗ ಅವನು ಅಂತಲೇ ಬರೆಯುತ್ತೇನೆ.

ನಮ್ಮ ಕೇರಿಯ ಮಸಣ ಹೊಳೆದಂಡೆಯಲ್ಲಿದೆ. ಅಲ್ಲಿಗೆ ಹಿಂದಿನಿಂದಲೂ ಒಂದು ಬಂಡಿ ದಾರಿ ಇತ್ತು. ಅದು ಅವನ ಬಾಳೆ ತೋಟದ ಅಂಚಿನಲ್ಲೇ ಹಾದು ಹೋಗುತ್ತದೆ. ಒಂದು ದಿನ ಅವನು ಆ ದಾರಿಗೆ ತಂತಿ ಬೇಲಿ ಎಳೆಸಿದ. ಗೇಟು ಇಟ್ಟು ಬೀಗ ಹಾಕಿದ. ದೇವರಿಗೆ ಹೋಗುವ ಗೊನೆ ಇದೆ, ಹೆಣ ಹಾದು ಹೋದರೆ ಮೈಲಿಗೆ ಅಂದ. ಆ ಬಾಳೆಗೆ ಗುಂಡಿ ತೆಗೆದವರು ನಾವು. ಗೊಬ್ಬರ ಹೊತ್ತವರು ನಾವು. ಗೊನೆ ಕಡಿದು ಹೆಗಲ ಮೇಲೆ ಹೊತ್ತು ಲಾರಿಗೆ ತುಂಬುವವರೂ ನಾವೇ. ಬದುಕಿರುವಾಗ ಮುಟ್ಟಿದರೆ ಮೈಲಿಗೆ ಇಲ್ಲ, ಸತ್ತು ಪಕ್ಕದಲ್ಲಿ ಹಾದರೆ ಮೈಲಿಗೆ. ತಾಲೂಕು ಆಫೀಸಿಗೆ ಅರ್ಜಿ ಕೊಟ್ಟೆವು. ಯಾರೋ ಬಂದು ನೋಡಿ, ಎಳನೀರು ಕುಡಿದು ಹೋದರು.

ದಾರಿ ಮುಚ್ಚಿದ ಮೇಲೆ ಉಳಿದದ್ದು ಗೇಟಿನ ಮುಂದೆ ತಿರುಗಿ ಹೋಗುವ ಮಣ್ಣುಗುಂಡಿಯ ಸುತ್ತು. ಇಟ್ಟಿಗೆಗೆ ಮಣ್ಣು ತೆಗೆದು ತೆಗೆದು ತೋಟದ ಪಕ್ಕ ದೊಡ್ಡ ಗುಂಡಿ ಬಿದ್ದಿದೆ. ತೋಡಿದವರು ನಾವೇ. ಮಣ್ಣು ಕಲಸಲು ಅದಕ್ಕೆ ಬೋರಿನ ನೀರು ಬಿಡುತ್ತಾರೆ, ಬೇಸಿಗೆಯಲ್ಲೂ ಆರುವುದಿಲ್ಲ. ಅದರ ಅಂಚಿನ ಕೆಸರಲ್ಲಿ ಮೊಣಕಾಲವರೆಗೆ ಹೂತುಕೊಂಡು ಹೆಣ ಹೊರಬೇಕು. ನನ್ನ ಮಾವ ಸತ್ತಾಗ ಹಾಗೇ ಹೊತ್ತರು. ಮುಂದಿನವನ ಕಾಲು ಜಾರಿತು. ಚಟ್ಟ ವಾಲಿತು. ಮಾವ ಗುಂಡಿಯ ನೀರಿಗೆ ಬಿದ್ದರು. ಹೆಣ ಮುಳುಗಿತು. ನನ್ನ ಗಂಡ ಮಹೇಂದ್ರ ನೀರಿಗೆ ಇಳಿದು, ಕೈಯಾಡಿಸಿ ಹುಡುಕಿ, ಅಪ್ಪನನ್ನು ಎಳೆದು ತಂದ. ಬಾಯಲ್ಲೆಲ್ಲ ಕೆಸರು. ನನ್ನ ಅತ್ತೆ ಮಂಚಮ್ಮ ಸೆರಗು ಒದ್ದೆ ಮಾಡಿ, ಗಂಡನ ಬಾಯೊಳಗೆ ಬೆರಳು ಹಾಕಿ ಆ ಕೆಸರು ತೆಗೆದಳು. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಗೂಡಿನ ಹೊಗೆ ಕುಡಿದು ಕುಡಿದು ಅವಳ ಎದೆ ಕೆಟ್ಟು, ಮಂಚ ಹಿಡಿದ ಮೇಲೆ ಮಾತ್ರ ಒಂದೇ ಮಾತು ಹೇಳುತ್ತಿದ್ದಳು.

"ನನ್ನ ಆ ನೀರ್‌ಗೆ ಬೀಳುಸ್‌ಬ್ಯಾಡಿ ಮೊಗಾ. ದಾರೀಲಿ ಎತ್ಕಂಡೋಗಿ."

ಹಾಗಾಗಿ ಮಹಾದೇವಸ್ವಾಮಿ ಬಂದು ನಿಲ್ಲು ಅಂದಾಗ ನಾನು ನಿಂತೆ.

ಅವನು ನಮ್ಮ ಮನೆ ಬಾಗಿಲಿಗೆ ಬಂದದ್ದು ಅದೇ ಮೊದಲು. ಹೊಸಿಲು ದಾಟಲಿಲ್ಲ. ಬೈಕಿನ ಮೇಲೆ ಕೂತೇ ಮಾತಾಡಿದ. ನಮ್ಮ ಲೋಕಸಭಾ ಕ್ಷೇತ್ರ ಮೀಸಲು. ಅವನ ಜಾತಿಯವರು ನಿಲ್ಲುವಂತಿಲ್ಲ. ಬೂತಿನೊಳಗೆ ಒಬ್ಬ ಅಭ್ಯರ್ಥಿಗೆ ಒಬ್ಬನೇ ಏಜೆಂಟ್ ಕೂರಬಹುದು. ಪಾರ್ಟಿಯ ಹೆಸರಲ್ಲಿ ಒಬ್ಬ ಕೂರುತ್ತಾನೆ, ಸಾಲದು. ನಾನು ಪಕ್ಷೇತರ ಅಂತ ನಿಂತರೆ ನನ್ನ ಹೆಸರಲ್ಲಿ ಇನ್ನೊಬ್ಬ ಅವನ ಕಡೆಯವನು ಕೂರಬಹುದು. ನನ್ನ ಹೆಸರಲ್ಲಿ ಗಾಡಿಗಳಿಗೆ ಪರ್ಮಿಷನ್ ತೆಗೆಯಬಹುದು. ನಾನು ಪಿಯುಸಿವರೆಗೆ ಓದಿದವಳು, ಸಹಿ ಹಾಕುತ್ತೇನೆ. ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಲು ಜಾತಿ ಸರ್ಟಿಫಿಕೇಟ್ ಮಾಡಿಸಿದ್ದೆ. ಕೆಲಸ ಸಿಗಲಿಲ್ಲ, ಸರ್ಟಿಫಿಕೇಟ್ ಇತ್ತು. ಯಾವ ಜಾತಿಗೆ ಅವನು ಗೇಟು ಮುಚ್ಚಿದ್ದನೋ ಆ ಜಾತಿಯ ಕಾಗದ ಅವನಿಗೆ ಬೇಕಾಗಿತ್ತು. ನನಗೆ ಅದೆಲ್ಲ ಅವತ್ತೇ ಅರ್ಥವಾಗಿತ್ತು. ಆದರೂ ಕೋಪ ಬರಲಿಲ್ಲ.

"ದಾರಿ ಬುಡ್ತೀರಾ ಬುದ್ಧಿ?" ಅಂತ ಕೇಳಿದೆ.

"ಬುಡ್ತೀನಿ ಕಣಮ್ಮೀ. ಎಲೆಕ್ಷನ್ ಮುಗೀಲಿ. ಗೇಟಿನ ಬೀಗದ ಕೈ ತಂದು ನಿನ್ ಕೈಗೇ ಕೊಡ್ತೀನಿ."

ಒಳಗೆ ಮಂಚದ ಮೇಲಿದ್ದ ಅತ್ತೆಗೆ ಆ ಮಾತು ಕೇಳಿಸಿತ್ತು. ಅವತ್ತು ಅವಳು ಅರ್ಧ ಮುದ್ದೆ ಉಂಡಳು.

ನಾಮಪತ್ರ ಹಾಕಲು ಚಾಮರಾಜನಗರಕ್ಕೆ ಹೋದೆವು. ಹೊಸ ಸೀರೆ ಕೊಡಿಸಿದರು. ಕಾರಿನ ಮುಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿದರು. ಕೊರಳಿಗೆ ಹಾರ ಹಾಕಿದರು, ಅದರ ನೀರು ಕುಪ್ಪಸಕ್ಕೆಲ್ಲ ಇಳಿಯಿತು. ಸೂಚಕರು ಅಂತ ನಮ್ಮ ಕೇರಿಯವರನ್ನೇ ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದರು. ಡಿ.ಸಿ. ಆಫೀಸಿನಲ್ಲಿ ತಣ್ಣಗಿತ್ತು. ಗೋಡೆಯ ಮೇಲೆ ಒಂದು ಬಿಳೀ ಪೆಟ್ಟಿಗೆ ಉಸಿರು ಬಿಡುತ್ತಿತ್ತು. ಆಮೇಲೆ ನನಗೆ ಅದೇ ಗುರುತು ಸಿಕ್ಕಿತು. ಆ ಆಫೀಸರ್ ನನ್ನನ್ನು ಬನ್ನಿ ಅಂದರು, ಕೂತುಕೊಳ್ಳಿ ಅಂದರು. ನಾನು ಹಿಂದೆ ತಿರುಗಿ ನೋಡಿದೆ, ಯಾರಿಗೆ ಹೇಳುತ್ತಿದ್ದಾರೆ ಅಂತ. ಪ್ರಮಾಣ ವಚನ ಓದಿಸಿದರು. ಭಾರತದ ಸಂವಿಧಾನಕ್ಕೆ ನಿಷ್ಠೆ ಅಂತೆಲ್ಲ ಓದಿದೆ. ಒಂದು ಗಳಿಗೆ ಮಾತ್ರ, ಓದುತ್ತಿರುವುದು ನಾನೇ ಅನ್ನಿಸಿತು.

ಕೆಲಸ ಮುಗಿದ ಮೇಲೆ ಮುಂದಿನ ಸೀಟಿನಲ್ಲಿ ಮಹಾದೇವಸ್ವಾಮಿ ಕೂತ. ನಾನು ಟೆಂಪೋ ಹತ್ತಿದೆ. ಬರುವ ದಾರಿಯಲ್ಲಿ ಹೋಟೆಲ್ ಮುಂದೆ ನಿಲ್ಲಿಸಿದರು. ಅವರು ಒಳಗೆ ಹೋಗಿ ಉಂಡರು. ನಮಗೆ ಕವರಿನಲ್ಲಿ ಚಿತ್ರಾನ್ನ ಬಂತು. ಟೆಂಪೋದಲ್ಲಿ ನಿಂತೇ ತಿಂದೆವು. ಸೀರೆ ಮಾತ್ರ ವಾಪಸ್ ಕೇಳಲಿಲ್ಲ. ಮಾರನೇ ದಿನ ನಾನು ಗೂಡಿನಲ್ಲಿ ಮಣ್ಣು ತುಳಿಯುತ್ತಿದ್ದೆ. ಮಹಾದೇವಸ್ವಾಮಿಯ ತಮ್ಮನ ಮಗ ಕಿರಣ್ ಕಾಗದಗಳನ್ನು ತಂದು, ಇಟ್ಟಿಗೆ ರಾಶಿಯ ಮೇಲಿಟ್ಟು, ಸಹಿ ಹಾಕಿಸಿಕೊಂಡು ಹೋದ. ಎಲ್ಲ ಏಜೆಂಟರ ಫಾರಂಗಳು. ಓದಿ ಹಾಕುತ್ತೇನೆ ಅಂದೆ. ಕೈ ಕೆಸರು ಮೊದಲು ಒರೆಸು ಅಂದ.

ಅಭ್ಯರ್ಥಿ ಅಂತ ಕೊಟ್ಟ ಕಾರ್ಡು ಒಂದು ನನ್ನ ಹತ್ತಿರ ಉಳಿಯಿತು. ಅದು ಯಾರಿಗೂ ಬೇಕಾಗಿರಲಿಲ್ಲ. ಅತ್ತೆ ಅದನ್ನು ಮಂಚದ ಮೇಲಿನ ಮೊಳೆಗೆ ನೇತುಹಾಕಿಸಿದಳು. ಮನೆಗೆ ಬಂದವರಿಗೆಲ್ಲ, ನನ್ನ ಸೊಸೆ ಫೋಟೋ ನೋಡಿ, ಸರ್ಕಾರದವರು ಅಂಟಿಸಿದ್ದು ಅನ್ನುತ್ತಿದ್ದಳು. ನಾನು ಸುಮ್ಮನಿರಿ ಅಂದರೂ ಕೇಳುತ್ತಿರಲಿಲ್ಲ.

ನನಗೆ ಪ್ರಚಾರ ಇರಲಿಲ್ಲ. ಮಾಡಬೇಡ ಅಂದಿದ್ದರು. ದೊಡ್ಡ ಪಾರ್ಟಿಗಳ ಅಭ್ಯರ್ಥಿಗಳು ಬಂದು ಹೋದರು. ನಿಂತವರೆಲ್ಲ ನಮ್ಮವರೇ, ನಿಲ್ಲಿಸಿದವರು ನಮ್ಮವರಲ್ಲ. ಒಬ್ಬ ಜೀಪಿನಿಂದ ಇಳಿಯಲೇ ಇಲ್ಲ, ಕೇರಿಯ ಬಾಯಲ್ಲಿ ಕೈ ಮುಗಿದು ಹಾಗೇ ಬನ್ನೂರಿನ ಕಡೆಗೆ ಹೋದ. ಇನ್ನೊಬ್ಬ ಮಹಾದೇವಸ್ವಾಮಿಯ ಪಾರ್ಟಿಯವನು, ಇಳಿದು ಬಂದ. ನಮ್ಮ ಮನೆಗೂ ಬಂದ. ಅತ್ತೆಯ ಮಂಚದ ಅಂಚಿಗೆ ಕೂತು ಅವಳ ಕೈ ಹಿಡಿದುಕೊಂಡ. ನಾನೂ ನಿಮ್ಮ ಮಗನೇ ಅಮ್ಮ ಅಂದ. ಮೊಬೈಲುಗಳು ಫೋಟೋ ತೆಗೆದವು.

"ಮಗನಾದ್ರೆ ಒಂದ್ ಮಾತು ಯೋಳಪ್ಪ," ಅಂದಳು ಅತ್ತೆ. "ನನ್ ಎಣ ಎತ್ತಕ್ಕೆ ದಾರಿ ಇಲ್ಲ. ಬುಡ್ಸು."

ಅವನು ಬಾಗಿಲ ಕಡೆ ನೋಡಿದ. ಬಾಗಿಲ ಹೊರಗೆ ಮಹಾದೇವಸ್ವಾಮಿ ನಿಂತಿದ್ದ. ಅವನ ಮುಖ ನೋಡಿದ ಮೇಲೆ, ಎಲ್ಲರೂ ಕೂತು ಸೌಹಾರ್ದವಾಗಿ ಬಗೆಹರಿಸಿಕೊಳ್ಳೋಣ ಅಂದ. ಎದ್ದು ಹೋದ. ಅವನಿಗೆ ಊಟ ಮಹಾದೇವಸ್ವಾಮಿಯ ತೋಟದ ಮನೆಯಲ್ಲಿತ್ತು. ಊರೊಳಗಿನ ಮನೆಯಲ್ಲಿ ಅಲ್ಲ. ಪಾರ್ಲಿಮೆಂಟಿಗೆ ಹೋಗುವವನನ್ನೂ ನಡುಮನೆಗೆ ಕರೆಯಲಿಲ್ಲ, ಅವನೂ ಅದನ್ನು ಕೇಳಲಿಲ್ಲ. ಎಲೆ ತೆಗೆಯಲು ನನ್ನನ್ನೇ ಕರೆಸಿದರು. ಒಬ್ಬ ಅಭ್ಯರ್ಥಿ ಉಂಡ ಎಲೆಯನ್ನು ಇನ್ನೊಬ್ಬ ಅಭ್ಯರ್ಥಿ ಎತ್ತಿ ತಿಪ್ಪೆಗೆ ಹಾಕಿದಳು. ಅವನು ಕೈ ತೊಳೆಯುತ್ತಾ ನನ್ನನ್ನು ನೋಡಿದ. ನಾನು ಯಾರು ಅಂತ ಅವನಿಗೆ ಗೊತ್ತಿರಲಿಲ್ಲ.

ವೋಟಿನ ಹಿಂದಿನ ದಿನ ಮಧ್ಯಾಹ್ನ ನಾನು ಅಚ್ಚು ಹಾಕುತ್ತಿದ್ದೆ. ಶಿವನಂಜಮ್ಮ ಓಡಿ ಬಂದಳು. ದೂರದಲ್ಲೇ ನಿಂತಳು. ನನಗೆ ಗೊತ್ತಾಯಿತು. ಕೈಯಲ್ಲಿದ್ದ ಉಂಡೆಯನ್ನು ಅಚ್ಚಿಗೆ ಹೊಡೆದೆ. ಬಳಿದೆ. ಕವುಚಿದೆ. ಆಮೇಲೆ ಎದ್ದೆ. ಯಾಕೆ ಹಾಗೆ ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ. ಮನೆಗೆ ಬಂದಾಗ ಅತ್ತೆಯ ಕಣ್ಣು ಮೊಳೆಯ ಕಡೆಗಿತ್ತು. ಮುಚ್ಚಿದೆ. ರೆಪ್ಪೆ ಬೆಚ್ಚಗಿತ್ತೋ ತಣ್ಣಗಿತ್ತೋ ಬೆರಳಿಗೆ ತಿಳಿಯಲಿಲ್ಲ. ಅಳು ಬರಲಿಲ್ಲ. ನನ್ನ ತಾಯಿಗಿಂತ ಹೆಚ್ಚಾಗಿ ನೋಡಿಕೊಂಡವಳು, ಅವಳಿಗೆ ಒಂದು ಹನಿ ಕಣ್ಣೀರು ಬರಲಿಲ್ಲವಲ್ಲ ಅಂತ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮಹೇಂದ್ರನೂ ನಾನೂ ಮಹಾದೇವಸ್ವಾಮಿಯ ಮನೆ ಮುಂದೆ ಹೋಗಿ ನಿಂತೆವು. ಜಗಲಿ ತುಂಬ ಪಾರ್ಟಿಯವರು. ತುಂಬ ಹೊತ್ತಾದ ಮೇಲೆ ಅವನು ನಮ್ಮ ಕಡೆ ನೋಡಿದ. ಮಹೇಂದ್ರ ವಿಷಯ ಹೇಳಿದ. ಅಯ್ಯೋ ಪಾಪ ಅಂದ. ಬೀಗದ ಕೈ ಕೇಳಿದೆವು. ಅವನ ದನಿ ಬದಲಾಯಿತು.

"ಇವತ್ತು ಗೇಟ್ ತೆಗೆದ್ರೆ ಊರೋರ ವೋಟು ಕೈ ಬುಡ್ತವೆ. ನಾಳೆ ಸಂದೆ ತಕ ಇರಿ. ಇಲ್ಲಾಂದ್ರೆ ಗುಂಡಿ ಸುತ್ಕಂಡು ಎತ್ಕಂಡೋಗಿ, ಯಾರ್ ಬ್ಯಾಡ ಅಂದೋರು."

ಮಹೇಂದ್ರ ಅವನ ಕಾಲು ಹಿಡಿದ. ನಿಜವಾಗಿ ಹಿಡಿದ. ಅವ್ವ ಒಂದೇ ಒಂದು ಕೇಳಿದ್ದಳು ಬುದ್ಧಿ ಅಂದ. ಮಹಾದೇವಸ್ವಾಮಿ ಕಾಲು ಎಳೆದುಕೊಂಡು, ನಾಳೆ ಸಂಜೆ ಅಂದೆನಲ್ಲ ಅಂತ ಒಳಕ್ಕೆ ಹೋದ. ನಾನು ನನ್ನ ಗಂಡನನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಅವನ ಮುಖ ನೋಡಲಾಗಲಿಲ್ಲ. ಮುದುಕನ ಮುಖದ ಹಾಗಿತ್ತು.

ಬೇವಿನ ಸೊಪ್ಪು ಹಾಸಿ ಅತ್ತೆಯನ್ನು ಮಲಗಿಸಿದೆವು. ಏಪ್ರಿಲ್ ತಿಂಗಳ ಸೆಖೆ. ಬೆಳಗಾಗುವಷ್ಟರಲ್ಲಿ ಅವಳ ಹೊಟ್ಟೆ ಊದಿತ್ತು. ಬಂದವರು ಮೂಗಿಗೆ ಸೆರಗು ಹಿಡಿದು ಕೂತಿದ್ದರು. ಸಂಜೆ ಅಂದವನು ಸಂಜೆಗೆ ಎಣಿಕೆ ಆಗಲಿ ಅನ್ನುತ್ತಾನೆ. ಎಣಿಕೆ ಜೂನಿನಲ್ಲಿ. ಇಷ್ಟು ಯೋಚನೆ ಮಾಡಲು ನನಗೆ ಒಂದು ರಾತ್ರಿ ಬೇಕಾಯಿತು.

ಬೂತು ಊರ ಸ್ಕೂಲಿನಲ್ಲಿತ್ತು. ವೋಟು ಶುರುವಾಗುತ್ತಲೂ ಕೇರಿಯ ಕೆಲವರು ಹೋದರು, ಹೆಣ ಎತ್ತುವ ಮುಂಚೆ ಮುಗಿಸಿ ಬರೋಣ ಅಂತ. ಶಿವನಂಜಮ್ಮ ಹೋದಷ್ಟೇ ಬೇಗ ವಾಪಸ್ ಬಂದಳು. ಬೆರಳಿಗೆ ಶಾಯಿ ಇರಲಿಲ್ಲ. ನನ್ನ ಮುಂದೆ ಬಂದು ನಿಂತಳು.

"ಕಾರ್ಡ್‌ನಲ್ಲಿರೋಳು ನಾನಲ್ವಂತೆ. ಫೋಟೋ ಒಂದಲ್ಲ ಅಂದ ಆ ಕಿರಣ. ನೀನ್ಯಾರಪ್ಪ ಯೋಳಕ್ಕೆ ಅಂದ್ರೆ, ನಾನು ವನಿತಮ್ಮನ ಕಡೆ ಏಜೆಂಟು ಅಂತಾನೆ. ನನ್ ವೋಟು ಹಾಕುಸ್‌ಬ್ಯಾಡ ಅಂತ ನೀನ್ ಯೋಳಿದ್ದಾ ಮಗಳೇ?"

ನಾನು ಇಲ್ಲ ಅನ್ನಬೇಕಿತ್ತು. ಆದರೆ ಆ ಫಾರಂ ಮೇಲಿನ ಸಹಿ ನನ್ನದೇ. ಶಿವನಂಜಮ್ಮ ಯಾರಿಗೆ ವೋಟು ಹಾಕುತ್ತಾಳೆ ಅಂತ ಮಹಾದೇವಸ್ವಾಮಿಗೆ ಗೊತ್ತು. ಅವಳು ಅವನ ಗೂಡು ಬಿಟ್ಟು ಬೇರೆ ಗೂಡಿಗೆ ಹೋದವಳು. ಅವಳನ್ನು ತಡೆಯಲು ಅವನಿಗೆ ಇನ್ನೊಂದು ಬಾಯಿ ಬೇಕಿತ್ತು. ಆ ಬಾಯಿಗೆ ನನ್ನ ಹೆಸರು ಇಟ್ಟಿದ್ದ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಯಾರೋ ನನ್ನನ್ನೇ ಬಡಿದ ಹಾಗಾಯಿತು. ಎಷ್ಟೋ ಕಾಲದ ಮೇಲೆ ನನಗೆ ನೋವು ಗೊತ್ತಾಯಿತು. ಅದು ಎದೆಯಲ್ಲಿ ಶುರುವಾಗಿ ಕೈಗೆ ಇಳಿಯಿತು.

ಮೊಳೆಯಿಂದ ಕಾರ್ಡು ತೆಗೆದು ಕೊರಳಿಗೆ ಹಾಕಿಕೊಂಡೆ. ಮಹೇಂದ್ರನನ್ನು ಹೊರಗೆ ಕರೆದೆ.

"ನಾನು ಬೂತೊಳಕ್ಕೆ ಓಯ್ತೀನಿ. ಅವನ ಜನ ಎಲ್ಲಾ ಅಲ್ಲಿಗೆ ಬತ್ತಾರೆ. ಆಗ ತಮಟೆ ಬಡ್ಕಂಡು ಎತ್ತಿ. ಗುಂಡಿ ಕಡಿಕೆ ತಿರುಗ್‌ಬ್ಯಾಡಿ."

"ಗೇಟಿಗೆ ಬೀಗ ಅದೆ," ಅಂದ.

"ಅವನ ಕೂಲೀಗೆ ಬೇಲಿ ಹಾಕ್ದೋನು ನೀನೇ ಅಲ್ವಾ. ಬಿಚ್ಚು."

ಅವನು ನನ್ನನ್ನು ನೋಡಿದ. ಹೆಣ ಹೊರುವಾಗ, ಮಣ್ಣು ಹಾಕುವಾಗ ನೀನು ಇರುವುದಿಲ್ಲವಲ್ಲ ಅಂದ. ಇರುವುದಿಲ್ಲ ಅಂದೆ. ಒಳಗೆ ಹೋಗಿ ಅತ್ತೆಯ ಪಾದ ಮುಟ್ಟಿದೆ. ತಣ್ಣಗಿತ್ತು. ಬೆರಳಿಗೆ ತಿಳಿಯಿತು.

ಸ್ಕೂಲಿನ ಗೇಟಿನಲ್ಲಿ ಪೊಲೀಸು ತಡೆದ. ಕಾರ್ಡು ತೋರಿಸಿದೆ. ಅವನು ಕಾರ್ಡು ನೋಡಿದ, ನನ್ನ ಸೀರೆ ನೋಡಿದ, ಚಪ್ಪಲಿ ಇಲ್ಲದ ಕಾಲು ನೋಡಿದ. ಒಳಗೆ ಹೋಗಿ ಕೇಳಿ ಬಂದು ದಾರಿ ಬಿಟ್ಟ. ಬೂತಿನ ಅಧಿಕಾರಿ ಮೈಸೂರಿನ ಕಡೆಯ ಹೆಂಗಸು. ಆಶಾರಾಣಿ ಅಂತ ಬಿಲ್ಲೆಯಲ್ಲಿತ್ತು. ಗೋಡೆಗೆ ಅಂಟಿಸಿದ್ದ ಅಭ್ಯರ್ಥಿಗಳ ಫೋಟೋ ನೋಡಿ, ಮತ್ತೆ ನನ್ನನ್ನು ನೋಡಿ, ಬನ್ನಿ ಮೇಡಂ ಅಂದರು.

ಕಿರಣ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಎದೆಯ ಮೇಲೆ ನನ್ನ ಹೆಸರಿನ ಪಾಸು.

"ಏನಮ್ಮೀ, ಎಣ ಬುಟ್ಟು ಇಲ್ಲೇನ್ ಕೆಲ್ಸ? ಓಗು," ಅಂದ.

ಅವನು ನನಗಿಂತ ತುಂಬ ಚಿಕ್ಕವನು. ಅವನು ತೊಟ್ಟಿಲಲ್ಲಿದ್ದಾಗಲೇ ಅವನನ್ನು ಚಿಕ್ಕಬುದ್ಧಿ ಅನ್ನಲು ನನಗೆ ಕಲಿಸಿದ್ದರು. ನಾನು ಅವನ ಕಡೆ ತಿರುಗಲಿಲ್ಲ. ಅಧಿಕಾರಿಗೆ ಹೇಳಿದೆ.

"ಇವನು ನನ್ನ ಏಜೆಂಟಲ್ಲ ಮೇಡಂ. ತೆಗೀರಿ. ಶಿವನಂಜಮ್ಮ ನಮ್ಮ ಪಕ್ಕದ ಮನೆಯೋಳು. ಅವಳು ಅವಳೇ. ನಾನು ಹೇಳ್ತಿದ್ದೀನಿ, ಕ್ಯಾಂಡಿಡೇಟು."

ಅವರು ಒಂದು ಪುಸ್ತಕ ತೆಗೆದು ಓದಿದರು. ಯಾರಿಗೋ ಫೋನು ಮಾಡಿ ಕೇಳಿದರು. ಆಮೇಲೆ ಒಂದು ಫಾರಂ ಕೊಟ್ಟರು. ಈ ಸಲ ಓದಿ ಸಹಿ ಹಾಕಿದೆ. ಕಿರಣ್ ಏನೇನೋ ಕೂಗಾಡಿದ, ನಮ್ಮ ದೊಡ್ಡಪ್ಪನಿಗೆ ಹೇಳಲಾ ಅಂದ, ನಾಳೆ ಗೂಡಿಗೆ ಹೇಗೆ ಬರುತ್ತೀಯ ನೋಡುತ್ತೇನೆ ಅಂದ. ಪಾಸು ಬಿಚ್ಚಿ ಹೊರಗೆ ಹೋಗಿ ಅಂತ ಆಶಾರಾಣಿ ಎರಡು ಸಲ ಹೇಳಬೇಕಾಯಿತು. ಅವನು ಹೋದ. ನಾನು ಆ ಕುರ್ಚಿಯಲ್ಲಿ ಕೂತೆ. ಅದೇ ರೂಮಿನಲ್ಲಿ ನಾನು ನಾಲ್ಕನೇ ಕ್ಲಾಸು ಓದಿದ್ದು. ಬಾಗಿಲ ಹತ್ತಿರ, ನೆಲದ ಮೇಲೆ. ಕುರ್ಚಿ ಇನ್ನೂ ಬೆಚ್ಚಗಿತ್ತು. ಭಯ ಆಗುತ್ತಿತ್ತು. ಆದರೂ ಏಳಲಿಲ್ಲ.

ಮಹಾದೇವಸ್ವಾಮಿ ಬಂದ. ಅವನ ಹಿಂದೆ ತೋಟದವರು, ಗೂಡಿನ ಮೇಸ್ತ್ರಿ, ಪಾರ್ಟಿಯವರು ಎಲ್ಲ ಬಂದರು. ಬೇರೆ ಬೂತುಗಳಲ್ಲೂ ನನ್ನ ಹೆಸರಲ್ಲಿ ಅವನವರೇ ಕೂತಿದ್ದರು. ನಾನು ಬಾಯಿ ಬಿಟ್ಟರೆ ಎಲ್ಲ ಎದ್ದು ಹೋಗಬೇಕು. ಗೇಟಿನಲ್ಲಿ ಪೊಲೀಸು ಅಡ್ಡ ನಿಂತ. ನಿಮ್ಮ ವೋಟು ಆಗಿದೆ ಸಾ, ಪಾಸ್ ಇಲ್ಲದೆ ಒಳಗೆ ಬಿಡಂಗಿಲ್ಲ ಅಂದ. ಮಹಾದೇವಸ್ವಾಮಿ ಗೇಟಿನ ಕಂಬಿ ಹಿಡಿದು ನಿಂತ. ಅವನನ್ನು ಗೇಟಿನ ಆಚೆ ನಾನು ನೋಡಿದ್ದು ಅದೇ ಮೊದಲು. ಮೊದಲು ಬೈದ. ಆಮೇಲೆ ದನಿ ಇಳಿಸಿ ಕರೆದ. ನಾನು ಬಾಗಿಲವರೆಗೆ ಹೋದೆ.

"ಬಾ ಈಚೆಗೆ ವನಿತಾ. ಈಗ್ಲೇ ಬೀಗ ತೆಗುಸ್ತೀನಿ. ನಿಮ್ಮತ್ತೆ ಆಣೆಗೂ," ಅಂದ. ಜೇಬಿನಿಂದ ಬೀಗದ ಕೈ ತೆಗೆದು ಎತ್ತಿ ತೋರಿಸಿದ. ಅಂದರೆ ನಿನ್ನೆಯೂ ಅದು ಜೇಬಿನಲ್ಲೇ ಇತ್ತು.

"ನಿನ್ ಬೀಗ ನಿನ್ ತಾವೇ ಇರ್ಲಿ ಮಹಾದೇವಸ್ವಾಮಿ," ಅಂದೆ.

ಅಷ್ಟು ದೊಡ್ಡ ಸಾಲು ನಿಂತಿತ್ತು, ಊರಿನವರೂ ಕೇರಿಯ ಕೆಲವರೂ. ಎಲ್ಲರೂ ನನ್ನ ಕಡೆ ತಿರುಗಿದರು. ಆಗ ತಮಟೆ ಕೇಳಿತು.

ನಾನು ಒಳಗೆ ಬಂದು ಕುರ್ಚಿಯಲ್ಲಿ ಕೂತೆ. ಕಿಟಕಿಯಿಂದ ಏನೂ ಕಾಣುವುದಿಲ್ಲ, ಬಾಳೆ ಎಲೆ ಅಡ್ಡ. ಕಿವಿ ಅಲ್ಲೇ ಇಟ್ಟೆ. ಸದ್ದು ಕೇರಿಯಿಂದ ಹೊರಟಿತು. ಗೂಡು ದಾಟಿತು. ಮಣ್ಣುಗುಂಡಿಯ ತಿರುವಿಗೆ ಬಂತು. ಅಲ್ಲಿ ತಿರುಗಿದರೆ ತಮಟೆಯ ಸದ್ದು ಗುಂಡಿಯೊಳಕ್ಕೆ ಇಳಿದು ಮಂಕಾಗುತ್ತದೆ. ಮಾವನ ದಿನ ಹಾಗೇ ಆಗಿತ್ತು. ಈ ಸಲ ತಿರುವಿನಲ್ಲಿ ಸದ್ದು ನಿಂತಿತು. ಬೇಲಿ ಬಿಚ್ಚುತ್ತಿದ್ದಾರೆ ಅಂದುಕೊಂಡೆ. ಇಲ್ಲಾ ಹೆದರಿ ವಾಪಸ್ ತಿರುಗಿದ್ದಾರೆ ಅಂದುಕೊಂಡೆ. ವೋಟಿನ ಮಿಷನ್ ಕುಯ್ಯ್ ಅಂದಾಗಲೆಲ್ಲ ಬೆಚ್ಚುತ್ತಿದ್ದೆ. ಆಮೇಲೆ ಮತ್ತೆ ತಮಟೆ. ನೇರಕ್ಕೆ. ತೋಟದ ಅಂಚಿಗೆ, ಗಟ್ಟಿಯಾಗಿ, ಹೊಳೆಯ ಕಡೆಗೆ. ಗೇಟಿನಲ್ಲಿದ್ದವರಿಗೂ ಕೇಳಿಸಿತು. ಕೆಲವರು ಅತ್ತ ಓಡಿದರು. ಅಷ್ಟರಲ್ಲಿ ಕೇರಿಗೆ ಕೇರಿಯೇ ದಾರಿ ಮೇಲಿತ್ತು, ಏನೂ ಮಾಡಲಾಗಲಿಲ್ಲ. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಆಶಾರಾಣಿ ನೀರಿನ ಬಾಟಲಿ ಕೊಟ್ಟರು. ಹೋದವರು ಯಾರು ಅಂತ ಕೇಳಿದರು. ನಮ್ಮ ಅತ್ತೆ ಅಂದೆ.

ಹೊತ್ತು ಇಳಿದ ಮೇಲೆ ಕೇರಿಯವರು ವೋಟಿಗೆ ಬಂದರು. ಹೊಳೆಯಲ್ಲಿ ಮುಳುಗಿ ನೇರ ಬಂದಿದ್ದರು, ಬಟ್ಟೆ ಇನ್ನೂ ಒದ್ದೆ ಇತ್ತು. ನಾನು ಅವರ ಮುಖ ನೋಡಲಿಲ್ಲ, ಕಾಲು ನೋಡಿದೆ. ಯಾರ ಕಾಲಲ್ಲೂ ಗುಂಡಿಯ ಕೆಸರಿರಲಿಲ್ಲ. ಬಾಳೆ ತೋಟದ ಒಣ ಮಣ್ಣು ಅಂಟಿತ್ತು. ಶಿವನಂಜಮ್ಮ ಎಲ್ಲರಿಗಿಂತ ಮುಂದೆ ಬಂದು ಕಾರ್ಡು ಮೇಜಿನ ಮೇಲಿಟ್ಟಳು. ಈ ಸಲ ಯಾರೂ ತಡೆಯಲಿಲ್ಲ. ಶಾಯಿ ಹಚ್ಚಿಸಿಕೊಂಡ ಬೆರಳನ್ನು ನನಗೆ ತೋರಿಸಿ ಹೋದಳು.

ಜೂನಿನಲ್ಲಿ ಎಣಿಕೆ ಆಯಿತು. ನೋಟಾಕ್ಕೆ ನನಗಿಂತ ಜಾಸ್ತಿ ಬಿತ್ತು. ಠೇವಣಿ ಹೋಯಿತು. ಕಟ್ಟಿದವನು ಮಹಾದೇವಸ್ವಾಮಿ, ಹೋಗಲಿ. ಗೆದ್ದವನು ಆಮೇಲೆ ಈ ಕಡೆ ಬಂದಿಲ್ಲ. ಗೂಡಿನಲ್ಲಿ ನಮಗಿಬ್ಬರಿಗೂ ಕೆಲಸವಿಲ್ಲ. ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಹೋಗಿ, ಕರೆದವರ ಹಿಂದೆ ಹೋಗುತ್ತೇವೆ. ಬೇಲಿ ಕಿತ್ತ ಅಂತ ಮಹೇಂದ್ರನ ಮೇಲೆ ಕೇಸಿದೆ. ಅತ್ತೆಗೆ ಮಣ್ಣು ಹಾಕಲಿಲ್ಲ ಅನ್ನುವುದು ನನ್ನನ್ನು ಬಿಡುವುದಿಲ್ಲ. ದಿನಾ ಬಿಡುವುದಿಲ್ಲ.

ಮಹಾದೇವಸ್ವಾಮಿ ಈಗ ದಾರಿಗೆ ಗೋಡೆ ಹಾಕಿಸುತ್ತಾನಂತೆ. ತಿರುವಿನಲ್ಲಿ ಇಟ್ಟಿಗೆ ತಂದು ಇಳಿಸಿದ್ದಾನೆ. ಹೋಗಿ ನೋಡಿದೆ. ಅದರಲ್ಲಿ ನಾನು ಅಚ್ಚು ಹಾಕಿದವು ಇದ್ದವು, ಅಂಗೈ ಬಳಿದ ಗುರುತು ನನಗೆ ಗೊತ್ತಾಗುತ್ತದೆ. ಗೋಡೆ ಕಟ್ಟಲು ಕೇರಿಗೆ ಮೇಸ್ತ್ರಿಯನ್ನು ಕಳಿಸಿದ. ಯಾರೂ ಹೋಗಲಿಲ್ಲ. ಕೂಲಿ ಏರಿಸಿದ. ಹೋಗಲಿಲ್ಲ. ಕೊನೆಗೆ ಅವನೇ ಬಂದು ನಮ್ಮ ಬಾಗಿಲಲ್ಲಿ ಬೈಕು ನಿಲ್ಲಿಸಿದ. ಆದದ್ದು ಆಯಿತು, ನೀನು ಒಂದು ಮಾತು ಹೇಳಿದರೆ ಕೇರಿಯವರು ಬರುತ್ತಾರೆ ಅಂದ. ನಾನು ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಏಳಲಿಲ್ಲ.

"ನೀನೇ ಕಟ್ಕೊ," ಅಂದೆ.

ಇಟ್ಟಿಗೆ ಇನ್ನೂ ಅಲ್ಲೇ ಬಿದ್ದಿದೆ. ನರಸೀಪುರದ ಕಡೆಯಿಂದ ಆಳುಗಳನ್ನು ಕರೆಸುತ್ತಾನಂತೆ. ಕರೆಸಲಿ. ಕೇರಿಯಲ್ಲಿ ಇನ್ನೊಂದು ಸಾವು ಆದ ದಿನ, ನಾನು ಹಾಕಿದ ಇಟ್ಟಿಗೆಯನ್ನು ನಾನೇ ಕೀಳುತ್ತೇನೆ.